ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11: ಹಾಕೋದು ಸುಲಭ, ಆಮೇಲೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. 2017ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದೆ. ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ವಿಂಡೋಸ್ 11ಕ್ಕೆ ಹೋಗಲು ನೋಡಿದರೆ ಈ ಪಿಸಿಗೆ ಆಗುವುದಿಲ್ಲ ಅಂತ ಬರುತ್ತದೆ. ಶಿವಮೊಗ್ಗದ ಅಂಗಡಿಯೊಂದರಲ್ಲಿ ‘ಹಾಕಿಕೊಡ್ತೀವಿ, ಏನೂ ಆಗಲ್ಲ’ ಅಂದರು. ಹಾಕಿಸಬಹುದಾ? ಅಡಿಕೆ ಲೆಕ್ಕ, ಮಗಳ ಕಾಲೇಜಿನ ಕೆಲಸ, ಬ್ಯಾಂಕ್ ವ್ಯವಹಾರ ಎಲ್ಲಾ ಇದರಲ್ಲೇ.

ಉತ್ತರ: ಹಾಕಬಹುದು. ಅಂಗಡಿಯವರು ಸುಳ್ಳು ಹೇಳಿಲ್ಲ. ಆದರೆ ಅವರು ಹೇಳಿದ್ದು ಹಾಕುವ ದಿನದ ಮಾತು. ಆಮೇಲೆ ವರ್ಷ ವರ್ಷ ಅದನ್ನು ನೋಡಿಕೊಳ್ಳೋರು ಯಾರು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಲ್ಯಾಪ್‌ಟಾಪ್ ಎಲ್ಲಿ ಫೇಲ್ ಆಗುತ್ತಿದೆ ನೋಡೋಣ. ವಿಂಡೋಸ್ 11 ಕೇಳೋದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್. ಜೊತೆಗೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. ನಿಮ್ಮದು ಏಳನೇದು, ಒಂದೇ ಮೆಟ್ಟಿಲು ಕೆಳಗೆ. ಟಿಪಿಎಂ ಬಹುಶಃ ಇರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷ್‌ನಲ್ಲಿ ‘tpm.msc’ ಅಂತ ಟೈಪ್ ಮಾಡಿ ನೋಡಿ. ಸಿಗದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್) ಪಿಟಿಟಿ ಅನ್ನುವ ಆಯ್ಕೆ, ಅಂದರೆ ಇಂಟೆಲ್‌ನ ಟಿಪಿಎಂ, ಆಫ್ ಆಗಿರಬಹುದು. ಬಯೋಸ್ ಮುಟ್ಟುವ ಮುಂಚೆ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆ ಕೀ ಇಲ್ಲದೆ ಡಿಸ್ಕ್ ಲಾಕ್ ಆಗಿ ಕೂತರೆ ನಾನಲ್ಲ, ಯಾರೂ ಏನೂ ಮಾಡಕ್ಕಾಗಲ್ಲ.

ಅಂಗಡಿಯವರು ಏನು ಮಾಡ್ತಾರೆ ಅಂದರೆ, ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್ ತಯಾರಿಸುತ್ತಾರೆ. ಈ ಪರೀಕ್ಷೆಗಳನ್ನೆಲ್ಲ ತೆಗೆದುಹಾಕಲು ಅದರಲ್ಲಿ ಒಂದು ಟಿಕ್ ಗುರುತು ಸಾಕು. ನಿಮ್ಮ ವಿಂಡೋಸ್ 10 ಲೈಸೆನ್ಸ್ 11ಕ್ಕೂ ನಡೆಯುತ್ತದೆ, ಹೊಸದು ಕೊಳ್ಳಬೇಕಿಲ್ಲ. ಅದಕ್ಕೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ಕೇಳಿ. ‘ಕ್ರ್ಯಾಕ್ ಮಾಡಿದ್ದು’ ಅಂತ ಬೇರೆ ಯಾವುದನ್ನೋ ಹಾಕಲು ಬಂದರೆ ಎದ್ದು ಬನ್ನಿ. ಬ್ಯಾಂಕ್ ಕೆಲಸ ಮಾಡುವ ಮಿಷನ್‌ನಲ್ಲಿ ಅದಂತೂ ಬೇಡವೇ ಬೇಡ.

ತೊಂದರೆ ಶುರುವಾಗೋದು ಆಮೇಲೆ. ಬೆಂಬಲವಿಲ್ಲದ ಪಿಸಿಗೆ ಅಪ್‌ಡೇಟ್ ಕೊಡುವ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಸದ್ಯಕ್ಕೆ ತಿಂಗಳ ಭದ್ರತಾ ಅಪ್‌ಡೇಟ್‌ಗಳು ಇಂಥ ಪಿಸಿಗಳಿಗೂ ಬರುತ್ತಿವೆ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರಲ್ಲ. ವಿಂಡೋಸ್ 11ರ ಹೋಮ್ ಮತ್ತು ಪ್ರೊ ಬಗೆಗಳಲ್ಲಿ ಒಂದೊಂದು ಆವೃತ್ತಿಗೆ ಬೆಂಬಲ ಎರಡೇ ವರ್ಷ. ಅಂದರೆ ಅಷ್ಟರೊಳಗೆ ಮತ್ತೆ 5 ಜಿಬಿ ಮೀರುವ ಐಎಸ್‌ಒ ಫೈಲ್ (ವಿಂಡೋಸ್ ಪೂರ್ತಿ ಇರುವ ಫೈಲ್) ಇಳಿಸಿ, ಮತ್ತೆ ಅದೇ ಅಡ್ಡದಾರಿಯಲ್ಲಿ ಹಾಕಬೇಕು. ಅಂಗಳದ ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಊರಲ್ಲಿ ಇದು ಸಣ್ಣ ಕೆಲಸ ಅಲ್ಲ. ನಿಮಗೋ ಮಗಳಿಗೋ ಇದು ಬರುತ್ತೆ ಅಂದರೆ ಮುಂದುವರಿಯಿರಿ. ಇಲ್ಲದಿದ್ದರೆ ಪ್ರತಿ ಸಲ ಶಿವಮೊಗ್ಗದ ಬಸ್ ಹತ್ತಬೇಕು.

ಇನ್ನು ಕರೆಂಟ್ ವಿಷಯ. ಹಾರ್ಡ್‌ಡಿಸ್ಕ್ ಇರುವ ಮಿಷನ್‌ನಲ್ಲಿ ಅಪ್‌ಗ್ರೇಡ್ ಗಂಟೆಗಟ್ಟಲೆ ಹಿಡಿಯುತ್ತದೆ. ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷ ನಿಂತರೆ ಹೆಚ್ಚು. ಆಷಾಢದ ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ನಮ್ಮ ಕಡೆ ಎರಡು ದಿನ ಕರೆಂಟ್ ಇಲ್ಲದ್ದೂ ಉಂಟು. ಇನ್ವರ್ಟರ್ ಪೂರ್ತಿ ಚಾರ್ಜ್ ಆಗಿದ್ದಾಗ ಶುರು ಮಾಡಿ. ಗುಡುಗು ಕೇಳಿದರೆ ಆವತ್ತು ಬಿಟ್ಟುಬಿಡಿ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಕೆಲಸ ನಿಲ್ಲಿಸಬಹುದು. ಲೆಕ್ಕದ ಫೈಲು, ಫೋಟೋ ಎಲ್ಲಾ ಮೊದಲೇ ಬೇರೆ ಡಿಸ್ಕ್‌ಗೆ ಹಾಕಿಡಿ. ವಿಂಡೋಸ್ ಹಾಗೇ ಅಪ್‌ಗ್ರೇಡ್ ಮಾಡಿದ್ದರೆ 10 ದಿನದೊಳಗೆ ಹಳೆಯದಕ್ಕೆ ವಾಪಸ್ ಹೋಗಬಹುದು. ಡಿಸ್ಕ್ ಅಳಿಸಿ ಹೊಸದಾಗಿ ಹಾಕಿದ್ದರೆ ಆ ದಾರಿ ಇಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಮೊದಲು ಆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಹಾಕಿಸುತ್ತೇನೆ. ನಿಮ್ಮ ಲ್ಯಾಪ್‌ಟಾಪ್ ನಿಧಾನ ಆಗಿದ್ದರೆ ಮುಕ್ಕಾಲು ಪಾಲು ಕಾರಣ ಆ ಹಳೇ ಹಾರ್ಡ್‌ಡಿಸ್ಕೇ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ನಿಜ. ಆದರೆ ಇಎಸ್‌ಯು ಅನ್ನುವ ಯೋಜನೆಗೆ ನೋಂದಾಯಿಸಿದರೆ ಭದ್ರತಾ ಅಪ್‌ಡೇಟ್‌ಗಳು 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆ. ವಿಂಡೋಸ್ 10ರ ಕೊನೆಯ ಆವೃತ್ತಿ, ಅಂದರೆ 22ಎಚ್2 ಇರಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಉಚಿತ. ಬ್ಯಾಕಪ್ ಬೇಡ ಅಂದರೆ 30 ಡಾಲರ್. ಆ ಅವಧಿಯಲ್ಲಿ ಆರಾಮಾಗಿ ಯೋಚಿಸಿ, ಲಿನಕ್ಸೋ (ವಿಂಡೋಸ್ ಬದಲು ಹಾಕಬಹುದಾದ ಉಚಿತ ವ್ಯವಸ್ಥೆ) ಹೊಸ ಮಿಷನ್ನೋ ಅಂತ ನಿರ್ಧರಿಸಿ.

ಪ್ರಶ್ನೆ: ಲಿನಕ್ಸ್ ಹಾಕಿದರೆ ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳ ಗತಿ ಏನು? ಸಂಘದ ನಡಾವಳಿ ಪೂರ್ತಿ ಅದರಲ್ಲಿದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಒಳ್ಳೆ ಪ್ರಶ್ನೆ. ಲಿನಕ್ಸ್‌ಗೆ ಹೋಗೋರು ಸಾಮಾನ್ಯವಾಗಿ ಇದನ್ನು ಕೊನೆಗೆ ನೆನಪಿಸಿಕೊಳ್ಳುತ್ತಾರೆ. ನುಡಿ ವಿಂಡೋಸ್‌ನಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ. ಹಳೇ ಫೈಲ್‌ಗಳು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೆದರಬೇಡಿ, ಬರೆದದ್ದು ಹಾಳಾಗಿಲ್ಲ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಲಿನಕ್ಸ್‌ನಲ್ಲಿ ಸೇರಿಸಿದರೆ ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ತಂತ್ರಾಂಶದಲ್ಲಿ ಓದಲು ಬರುತ್ತದೆ. ವಿಂಡೋಸ್ ಅಳಿಸುವ ಮುಂಚೆಯೇ ಈ ಕೆಲಸ ಮುಗಿಸಿ. ಇನ್ನೂ ಒಳ್ಳೇದು ಅಂದರೆ, ಫೈಲ್‌ಗಳನ್ನೇ ಯೂನಿಕೋಡ್‌ಗೆ ಪರಿವರ್ತಿಸಿಡುವುದು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪಾಗಬಹುದು, ಒಮ್ಮೆ ಕಣ್ಣು ಹಾಯಿಸಿ. ಹೆಸರು ಮತ್ತು ಮೊತ್ತ ಇರುವ ಸಾಲುಗಳನ್ನಂತೂ ಬಿಡದೆ ನೋಡಿ.

ಹೊಸದಾಗಿ ಟೈಪ್ ಮಾಡಲು ಲಿನಕ್ಸ್‌ನ ಟೈಪಿಂಗ್ ಸೌಲಭ್ಯ ಐಬಸ್‌ನಲ್ಲಿ ಕೆಜಿಪಿ ಅನ್ನುವ ವಿನ್ಯಾಸ ಆರಿಸಿಕೊಳ್ಳಿ. ನುಡಿಯ ಕೀಲಿಮಣೆಯೇ ಅದು, ಬೆರಳು ಹೊಸದೇನೂ ಕಲಿಯಬೇಕಿಲ್ಲ.

ಪ್ರಶ್ನೆ: ಕೋರ್ 2 ಡ್ಯುಯೊ ಲ್ಯಾಪ್‌ಟಾಪ್‌ಗೂ ವಿಂಡೋಸ್ 11 ಹಾಕಬಹುದಾ? (ಸಾಗರದ ಓದುಗರು)

ಉತ್ತರ: ಬೇಡ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಪಾಪ್‌ಕೌಂಟ್ ಅನ್ನುವ ಆದೇಶ ಪ್ರೊಸೆಸರ್‌ನಲ್ಲಿ ಇರಲೇಬೇಕು. ನಿಮ್ಮದರಲ್ಲಿ ಅದಿಲ್ಲ. ರೂಫಸ್‌ನ ಯಾವ ಟಿಕ್ ಹಾಕಿದರೂ ಬೂಟ್ ಆಗಲ್ಲ. ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನ ಹಗುರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಿ. ವೈಫೈ, ಸೌಂಡ್ ಸರಿ ಇದ್ದರೆ ಮಾತ್ರ ಡಿಸ್ಕ್‌ಗೆ ಹಾಕಿ. ವೈಫೈ ಹಿಡಿಯದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಡ್ರೈವರ್ ಇಳಿಸಿಕೊಳ್ಳಬಹುದು.