ಹೈವೇ ಪಕ್ಕದ ಮನೆ, ರಾತ್ರಿಯಿಡೀ ಲಾರಿ ಹೊಗೆ

ಪ್ರಶ್ನೆ: ನಮ್ದು ಅಂಕೋಲಾ ಹತ್ರ ಹೈವೇಗೆ ತಾಗಿದ ಮನೆ, ರಸ್ತೆಯಿಂದ ಸಮುದ್ರದ ಬದಿಗೆ. ಎದುರಿಗೇ ಒಂದು ಹೋಟೆಲ್ಲು, ರಾತ್ರಿ ಹತ್ತಾದ್ರೆ ಏಳೆಂಟು ಲಾರಿ ಬಂದು ನಿಲ್ತಾವೆ, ಡ್ರೈವರ್ ಉಂಡು ಮಲಗಿದ್ರೂ ಇಂಜಿನ್ ಮಾತ್ರ ಗುರ್ ಅಂತಾನೇ ಇರತ್ತೆ. ಅತ್ತೆಗೆ ದಮ್ಮು, ಬೆಳಗಿನ ಜಾವಕ್ಕೆ ಜಾಸ್ತಿ. ಹಗಲು ಅಷ್ಟು ವಾಸನೆ ಇರಲ್ಲ. ಮನೆಯವ್ರು ಎಲ್ಲಾ ನಿನ್ನ ಭ್ರಮೆ ಅಂತಾರೆ, ಹೌದಾ?

ಉತ್ತರ: ಭ್ರಮೆ ಅಲ್ಲ ಅಕ್ಕ. ಸಮುದ್ರದ ಬದಿಗೆ ಮನೆ ಅಂದ್ರಲ್ಲ, ಅಲ್ಲೇ ಇದೆ ವಿಷಯ. ಮಳೆಗಾಲ ಬಿಟ್ರೆ ನಮ್ಮ ಕರಾವಳೀಲಿ ಹಗಲು ಗಾಳಿ ಸಮುದ್ರದಿಂದ ಬೀಸತ್ತೆ, ಹೊಗೆ ಘಟ್ಟದ ಕಡೆ ಹೋಗತ್ತೆ, ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ತಿರುಗಿ ಸಮುದ್ರದ ಕಡೆ ಹೊರಡತ್ತೆ, ಹಿಂದೆ ಹಾಯಿ ದೋಣಿಯವ್ರು ಬೆಳಗಿನ ಜಾವ ಕಡಲಿಗಿಳೀತಿದ್ದದ್ದು ಇದೇ ಗಾಳಿ ನಂಬ್ಕೊಂಡು. ಈಗ ಅದು ಲಾರಿ ಹೊಗೆ ಹೊತ್ಕೊಂಡು ನಿಮ್ಮ ಕಿಟಕಿಗೆ ಬರ್ತಿದೆ. ಚಳಿಗಾಲದಲ್ಲಂತೂ ನೆಲದ ಹತ್ರದ ತಣ್ಣನೆ ಗಾಳಿ ಮೇಲೇಳೋದೇ ಇಲ್ಲ, ಹೊಗೆ ಅಲ್ಲೇ ಕೂರತ್ತೆ.

ಕಣ್ಣಿಗೆ ಕಾಣೋ ಕಪ್ಪು ಹೊಗೆಗಿಂತ ಕಾಣದ ಕಣವೇ ಕಾಟ. ಪಿಎಂ 2.5 ಅಂದ್ರೆ ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು, ತಲೆಗೂದಲು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ, ಹಾಗಾಗಿ ಮೂಗು ತಡೆಯಲ್ಲ, ಶ್ವಾಸಕೋಶದ ಆಳಕ್ಕೇ ಇಳಿಯತ್ತೆ. ದಮ್ಮಿನವ್ರಿಗೆ ಜೊತೆಗಿರೋ ನೈಟ್ರೋಜನ್ ಡೈಆಕ್ಸೈಡೂ ಆಗ್ಬರಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ, ಆದ್ರೆ ಅದು ವರ್ಷಗಟ್ಲೆ ಉಸಿರಾಡಿದ್ದರ ಮಾತು, ನಾಳೆಯೇ ಏನೋ ಆಗತ್ತೆ ಅಂತ ಹೆದರ್ಬೇಡಿ.

ಸದ್ಯಕ್ಕೆ ಅತ್ತೆಯವ್ರ ಹಾಸಿಗೆ ರಸ್ತೆಯಿಂದ ದೂರದ ಕೋಣೆಗೆ ಹಾಕಿ, ರಾತ್ರಿ ರಸ್ತೆ ಬದಿ ಕಿಟಕಿ ಮುಚ್ಚಿ, ಮಧ್ಯಾಹ್ನ ಸಮುದ್ರದ ಗಾಳಿ ಬರುವಾಗ ಎಲ್ಲಾ ತೆಗೀರಿ. ಮುಚ್ಚಿದ ಕೋಣೇಲಿ ಸೊಳ್ಳೆ ಕಾಯಿಲ್ ಮಾತ್ರ ಬೇಡವೇ ಬೇಡ, ಅದ್ರ ಹೊಗೇನೂ ಅದೇ ಜಾತಿ, ಪರದೆ ಕಟ್ಟಿ. ಬೆಳಗಿನ ಜಾವ ಜಾಸ್ತಿ ಆಗತ್ತೆ ಅನ್ನೋದನ್ನ ಡಾಕ್ಟರಿಗೆ ಹೇಳಿ, ದಮ್ಮು ಆ ಹೊತ್ತಿಗೆ ತಾನಾಗೇ ಏರೋದೂ ಇದೆ, ಇನ್ಹೇಲರ್ ಡೋಸ್ ನೋಡ್ತಾರೆ.

ಡ್ರೈವರ್ ಜೊತೆ ಜಗಳ ಪ್ರಯೋಜನ ಇಲ್ಲ, ನಾಳೆ ಬೇರೆಯವ್ನು ಬರ್ತಾನೆ. ಹೋಟೆಲಿನವ್ರ ಹತ್ರ ಮಾತಾಡಿ. ಹೆಚ್ಚಿನವ್ರು ಇಂಜಿನ್ ಬಿಡೋದು ಸೆಕೆಗೆ, ಸೊಳ್ಳೆಗೆ, ಫ್ಯಾನಿಗೆ. 2025ರ ಅಕ್ಟೋಬರ್‌ನಿಂದ ತಯಾರಾಗೋ ಲಾರಿಗಳಿಗೆ ಕ್ಯಾಬಿನ್ ಎಸಿ ಕಡ್ಡಾಯ, ಡ್ರೈವರಿಗೆ ಒಳ್ಳೇದೇ, ಬೇಕಾಗಿದ್ದೇ, ಆದ್ರೆ ಎಸಿಗೋಸ್ಕರ ಇಂಜಿನ್ ಬಿಡೋದು ಇನ್ನೂ ಜಾಸ್ತಿ ಆಗತ್ತೆ ಅಂತ ನಂಗನ್ಸತ್ತೆ. ಜಗಲೀಲಿ ನಾಲ್ಕು ಮಂಚ, ಸೊಳ್ಳೆ ಪರದೆ, ಒಂದು ಫ್ಯಾನ್ ಹಾಕಿದ್ರೆ ಅವ್ರಿಗೂ ಗಿರಾಕಿ ಗಟ್ಟಿ. ಕೇಳದಿದ್ರೆ ಅಕ್ಕಪಕ್ಕದವ್ರ ಸಹಿ ಹಾಕ್ಸಿ ಪಂಚಾಯ್ತಿಗೂ ಕಾರವಾರದ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಅರ್ಜಿ ಕೊಡಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಒಂದು ವಾರ ಬರೆದಿಟ್ಟು ಲಗತ್ತಿಸಿ.

ಪ್ರಶ್ನೆ: ನಾನು ಶಿರಸಿ ಲಾರಿ ಡ್ರೈವರ್. ಪದೇಪದೇ ಆಫ್ ಮಾಡಿದ್ರೆ ಡೀಸೆಲ್ ಜಾಸ್ತಿ, ಟರ್ಬೋ ಹಾಳು, ಬ್ರೇಕಿನ ಗಾಳಿ ಇಳಿಯತ್ತೆ ಅಂತ ಮಾಲೀಕರು ಹೇಳ್ತಾರೆ. ಸರಿನಾ?

ಉತ್ತರ: ಟರ್ಬೋದು ಅರ್ಧ ಸರಿ. ಘಟ್ಟ ಹತ್ತಿ ಬಂದಾಗ ಇಂಜಿನ್‌ಗೆ ಗಾಳಿ ತುಂಬೋ ಈ ಟರ್ಬೋ ಕಾದಿರತ್ತೆ, ತಕ್ಷಣ ಆಫ್ ಮಾಡ್ಬೇಡಿ, ಮೂರ್ನಾಲ್ಕು ನಿಮಿಷ ಬಿಡಿ, ಸಾಕು. ಡೀಸೆಲ್ ಮಾತು ತಪ್ಪು, ದೊಡ್ಡ ಲಾರಿ ಸುಮ್ನೆ ನಿಂತು ಉರಿದ್ರೆ ಗಂಟೆಗೆ ಎರಡು ಮೂರು ಲೀಟರ್ ಹೋಗತ್ತೆ, ಸ್ಟಾರ್ಟ್ ಮಾಡೋಕೆ ಅದ್ರ ಮುಂದೆ ಏನೂ ಇಲ್ಲ. ಬಿಎಸ್ 6, ಅಂದ್ರೆ ಹೊಗೆ ಕಡಿಮೆ ಇರ್ಬೇಕು ಅನ್ನೋ ಹೊಸ ನಿಯಮದ ಗಾಡಿ ಆದ್ರೆ ಇನ್ನೊಂದು ಇದೆ, ಸೈಲೆನ್ಸರ್ ಬಿಸಿ ಇಲ್ದೆ ಹೊಗೆ ಶುದ್ಧ ಮಾಡೋ ಯೂರಿಯಾ ದ್ರಾವಣ ಸರಿ ಕೆಲಸ ಮಾಡಲ್ಲ, ಹೊಸ ಗಾಡಿ ಅಂದ್ಕೊಂಡು ರಾತ್ರಿಯಿಡೀ ಬಿಟ್ರೆ ಹೊಗೆ ಕೊಳಕೇ. ಇನ್ನು ಬ್ರೇಕಿನ ಗಾಳಿ: ಹೊರಡೋ ಮುಂಚೆ ಸ್ಟಾರ್ಟ್ ಮಾಡಿ ಗೇಜ್ ನೋಡಿದ್ರೆ ಕೆಲವೇ ನಿಮಿಷದಲ್ಲಿ ಏರತ್ತೆ. ಚಾ ಕುಡಿದು ಬರೋದ್ರೊಳಗೆ ಗಾಳಿ ಖಾಲಿ ಆಗಿದ್ರೆ ಪೈಪು ಎಲ್ಲೋ ಲೀಕು, ಅಂಥ ಗಾಡಿ ದೇವಿಮನೆ ಘಟ್ಟ ಇಳಿಸೋ ಮೊದ್ಲು ಮೆಕ್ಯಾನಿಕ್‌ಗೆ ತೋರ್ಸಿ.