ಆಪ್ತಸಲಹೆ ಪ್ರಕರಣ: ಹತ್ತೊಂಬತ್ತು ದಿನ ತೆರೆಯದೆ ಉಳಿದ ಇಮೇಲ್

ಈ ಪ್ರಕರಣದ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಆಕೆಯ ವಯಸ್ಸು, ಓದಿನ ವಿಷಯ ಹಾಗೂ ಮನೆಯ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ; ಕಷ್ಟದ ಸ್ವರೂಪವನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಆಕೆ ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರಿನಲ್ಲಿದ್ದರು. ಸಂಶೋಧನಾ ಪ್ರಬಂಧ ಸಲ್ಲಿಸಲು 11 ವಾರಗಳು ಉಳಿದಿದ್ದವು, ಬರೆದು ಮುಗಿದಿದ್ದು ಮೊದಲ ಅಧ್ಯಾಯ ಮಾತ್ರ. ಮೊದಲ ಭೇಟಿಗೆ ತಂದೆಯ ಜೊತೆ ಬಂದಿದ್ದರು, ಮಾತು ಶುರು ಮಾಡಿದವರೂ ತಂದೆಯೇ. “ಬುದ್ಧಿಗೇನೂ ಕೊರತೆಯಿಲ್ಲ ಮೇಡಂ, ಆದರೆ ಸೋಮಾರಿ. ಎಲ್ಲದಕ್ಕೂ ನಾಳೆ, ನಾಳೆ. ಫೋನ್ ಕೈಗೆ ಬಂದ ಮೇಲೆ ಹೀಗಾಗಿದ್ದಾಳೆ,” ಎಂದರು. ಮಗಳು ತಲೆ ಎತ್ತದೆ, “ಅಪ್ಪ ಹೇಳುವುದು ಸರಿ ಮೇಡಂ,” ಎಂದರು. ತಂದೆಯ ದೂರಿಗಿಂತ ಮಗಳ ಈ ಒಪ್ಪಿಗೆಯೇ ನನ್ನನ್ನು ಹೆಚ್ಚು ಕಾಡಿತು. ತಾನು ಸೋಮಾರಿ ಎಂದು ಒಬ್ಬ ವಿದ್ಯಾರ್ಥಿ ಪೂರ್ತಿ ನಂಬಿಬಿಟ್ಟರೆ, ಏಕೆ ಹೀಗಾಗುತ್ತಿದೆ ಎಂದು ಹುಡುಕುವುದನ್ನೇ ನಿಲ್ಲಿಸಿಬಿಡುತ್ತಾನೆ.

ತಂದೆಯನ್ನು ಹೊರಗೆ ಕೂರಲು ಕೇಳಿಕೊಂಡು, ಹಿಂದಿನ ದಿನ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ ಎಂದು ಆಕೆಯನ್ನು ವಿಚಾರಿಸಿದೆ. ಹೆಚ್ಚುಕಡಿಮೆ ಒಂಬತ್ತು ಗಂಟೆ ಮೇಜಿನ ಮುಂದೆಯೇ ಇದ್ದರು. ಓದಬೇಕಾದ ಲೇಖನಗಳನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ ಬೇರೆ ಬೇರೆ ಫೋಲ್ಡರ್‌ಗಳಿಗೆ ಹಾಕಿದ್ದರು, ಶೀರ್ಷಿಕೆ ಪುಟದ ಅಕ್ಷರವಿನ್ಯಾಸವನ್ನು ಮತ್ತೆ ಬದಲಿಸಿದ್ದರು, ಗೆಳತಿಯ ಪ್ರಬಂಧದಲ್ಲಿದ್ದ ತಪ್ಪುಗಳನ್ನು ತಿದ್ದಿಕೊಟ್ಟಿದ್ದರು. ಎರಡನೆಯ ಅಧ್ಯಾಯದ ಕಡತವನ್ನು ನಾಲ್ಕು ಬಾರಿ ತೆರೆದು ನಾಲ್ಕು ಬಾರಿಯೂ ಮುಚ್ಚಿದ್ದರು. ರಾತ್ರಿ ಹನ್ನೊಂದಕ್ಕೆ, ಇನ್ನು ಇವತ್ತು ಆಗುವುದಿಲ್ಲ ಎಂದು ಖಚಿತವಾದ ಮೇಲೆ, ಎರಡು ಗಂಟೆ ಫೋನ್ ನೋಡಿದ್ದರು. ಇದು ಸೋಮಾರಿಯ ದಿನಚರಿಯಲ್ಲ. ಸೋಮಾರಿಗೆ ಕೆಲಸ ಮಾಡದಿರುವುದರಲ್ಲಿ ಸುಖವಿರುತ್ತದೆ; ಆಕೆಗೆ ಕೆಲಸವೂ ಆಗಿರಲಿಲ್ಲ, ಬಿಡುವೂ ಸಿಕ್ಕಿರಲಿಲ್ಲ.

ಮುಂದೂಡುವಿಕೆಯ ಹಿಂದೆ ಬೇರೆ ತೊಂದರೆಗಳು ಅಡಗಿರಬಹುದಾದ್ದರಿಂದ ಅವನ್ನು ಮೊದಲು ಪರಿಶೀಲಿಸಿದೆ. ಖಿನ್ನತೆಯಿದ್ದವರಿಗೆ ಇಷ್ಟದ ಕೆಲಸದಲ್ಲಿಯೂ ಆಸಕ್ತಿ ಕುಂದಿರುತ್ತದೆ. ಗಮನ ಕೊರತೆಯ ಸಮಸ್ಯೆಯಾದರೆ ಅದರ ಲಕ್ಷಣಗಳು ಚಿಕ್ಕಂದಿನಿಂದಲೇ ಕಾಣಿಸಿಕೊಂಡಿರುತ್ತವೆ. ಇಂಥವರನ್ನು ಮನೋವೈದ್ಯರ ಬಳಿ ಕಳುಹಿಸದೆ ಬರಿಯ ವೇಳಾಪಟ್ಟಿ ಬರೆದುಕೊಟ್ಟರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಈಕೆಯಲ್ಲಿ ಅಂಥ ಸೂಚನೆಗಳು ಕಾಣಲಿಲ್ಲ. ಶಾಲೆಯ ದಿನಗಳಿಂದಲೂ ಪರೀಕ್ಷೆಗೆ ಸಮಯಕ್ಕೆ ಸರಿಯಾಗಿ ಓದುತ್ತಿದ್ದರು. ಸಿಕ್ಕಿಬಿದ್ದಿದ್ದು ಬರೆಯುವ ಕೆಲಸದಲ್ಲಿ ಮಾತ್ರ.

ಇದರಲ್ಲಿ ಆಕೆ ಒಬ್ಬಂಟಿಯಲ್ಲ. 1984ರಲ್ಲಿ ಲಾರಾ ಸಾಲೊಮನ್ ಮತ್ತು ಎಸ್ತರ್ ರಾತ್‌ಬ್ಲಮ್ ಅವರು 342 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುವುದನ್ನು ಯಾವಾಗಲೂ ಅಥವಾ ಬಹುತೇಕ ಯಾವಾಗಲೂ ಮುಂದೂಡುತ್ತೇವೆ ಎಂದವರು ಶೇ 46ರಷ್ಟಿದ್ದರು. ಪರೀಕ್ಷೆಯ ಓದನ್ನು ಹಾಗೆ ಮುಂದೂಡುವವರು ಶೇ 28ರಷ್ಟು ಮಾತ್ರ. ಕಾರಣಗಳನ್ನು ವಿಂಗಡಿಸಿದಾಗ ಮುಖ್ಯವಾಗಿ ಎದ್ದು ಕಂಡಿದ್ದು ಎರಡು: ಸೋಲಿನ ಭಯ ಮತ್ತು ಆ ಕೆಲಸದ ಬಗೆಗಿನ ಬೇಸರ. ಈ ಅಂಕಿಗಳನ್ನು ಆಕೆಗೆ ಓದಿ ಹೇಳಿದಾಗ, “ಅರ್ಧಕ್ಕರ್ಧ ಜನ ಹೀಗೆಯೇ ಇರುತ್ತಾರೆಯೇ?” ಎಂದು ಎರಡು ಬಾರಿ ಕೇಳಿದರು.

ಎರಡನೆಯ ಭೇಟಿಯಲ್ಲಿ ಇಮೇಲ್‌ನ ವಿಚಾರ ಹೊರಬಿತ್ತು. ಮಾರ್ಗದರ್ಶಕರಿಂದ ಬಂದ ಒಂದು ಇಮೇಲನ್ನು ಆಕೆ ಹತ್ತೊಂಬತ್ತು ದಿನಗಳಿಂದ ತೆರೆದೇ ಇರಲಿಲ್ಲ. ಅದು ಕಣ್ಣಿಗೆ ಬೀಳಬಾರದೆಂದು ಫೋನಿನಿಂದ ಇಮೇಲ್ ಆ್ಯಪನ್ನೇ ತೆಗೆದುಹಾಕಿದ್ದರು. ಅದರಲ್ಲಿ ಏನಿರಬಹುದು ಎಂದು ಕೇಳಿದ್ದಕ್ಕೆ, “ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಿರುತ್ತಾರೆ,” ಎಂದರು. ಇಲ್ಲಿಯೇ, ನನ್ನ ಎದುರಿಗೇ ತೆರೆಯುವುದಾದರೆ ತೆರೆಯಬಹುದು, ಒತ್ತಾಯವಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತೆರೆದರು. ನಾಲ್ಕು ಸಾಲಿನ ಪತ್ರ. ಮೊದಲ ಅಧ್ಯಾಯ ಚೆನ್ನಾಗಿದೆ ಎಂದಿತ್ತು. ಎರಡನೆಯದರ ಕರಡು ಹೇಗಿದ್ದರೂ ಸರಿ, ತೆಗೆದುಕೊಂಡು ಬಾ ಎಂದಿತ್ತು. ಈ ತಿಂಗಳ ಕೊನೆಯವರೆಗೆ ಪ್ರತಿ ಗುರುವಾರ ಮಧ್ಯಾಹ್ನ ಬಿಡುವಾಗಿರುತ್ತೇನೆ, ಆಮೇಲೆ ಆರು ವಾರ ರಜೆಯಲ್ಲಿರುತ್ತೇನೆ ಎಂದಿತ್ತು. ಆ ತಿಂಗಳು ಆಗಲೇ ಮುಗಿದುಹೋಗಿತ್ತು. “ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಮೇಡಂ,” ಎಂದು ಆಕೆ ಅತ್ತರು.

ಮುಂದೂಡುವುದರಿಂದ ಅಂಕ ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ನೋಡಿದಂತೆ ಅದಕ್ಕಿಂತ ದೊಡ್ಡ ನಷ್ಟ, ನೆರವು ಕೈತಪ್ಪುವುದು. ಕೆಲಸ ಬಾಕಿ ಉಳಿದವರು ಮೊದಲು ಅಡಗುವುದು, ಆ ಕೆಲಸದಲ್ಲಿ ನೆರವಾಗಬಲ್ಲವರಿಂದಲೇ. ಮೈಮೇಲೆ ಆಗುವ ಪರಿಣಾಮವೂ ಸಣ್ಣದಲ್ಲ. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೂಡುವ ಸ್ವಭಾವದ ವಿದ್ಯಾರ್ಥಿಗಳು ಸೆಮಿಸ್ಟರಿನ ಆರಂಭದಲ್ಲಿ ಉಳಿದವರಿಗಿಂತ ನಿರಾಳವಾಗಿದ್ದರು, ಕಾಯಿಲೆಯೂ ಕಡಿಮೆಯಿತ್ತು. ಆದರೆ ಗಡುವು ಹತ್ತಿರವಾಗುತ್ತಿದ್ದಂತೆ ಲೆಕ್ಕ ತಿರುವುಮುರುವಾಗಿ, ಒಟ್ಟಾರೆ ಒತ್ತಡವೂ ಅನಾರೋಗ್ಯವೂ ಅವರಲ್ಲೇ ಹೆಚ್ಚಾಯಿತು, ಅಂಕಗಳೂ ಅವರಿಗೇ ಕಡಿಮೆ ಬಂದವು. ಈಕೆ ನನ್ನ ಬಳಿ ಬರುವ ಹೊತ್ತಿಗೆ ತಲೆನೋವು, ರಾತ್ರಿ ನಿದ್ದೆ ಬಾರದಿರುವುದು, ಗೆಳತಿಯರ ಕರೆಗಳನ್ನು ತಪ್ಪಿಸುವುದು ಎಲ್ಲವೂ ಶುರುವಾಗಿತ್ತು.

ಮುಂದಿನ ಒಂದು ವಾರ ಏನನ್ನೂ ಬರೆಯಬೇಕಾಗಿಲ್ಲ, ಪ್ರಬಂಧದಿಂದ ಎದ್ದುಹೋದಾಗಲೆಲ್ಲ ಆ ಕ್ಷಣವನ್ನು ಮಾತ್ರ ಒಂದು ಪುಸ್ತಕದಲ್ಲಿ ಗುರುತಿಸಿಕೊಳ್ಳಿ ಎಂದೆ: ಎಷ್ಟು ಗಂಟೆ, ಯಾವ ವಾಕ್ಯದ ಬಳಿ, ಮನಸ್ಸಿನಲ್ಲಿ ಏನಿತ್ತು, ಎದ್ದು ಏನು ಮಾಡಿದಿರಿ. ಮೂರನೆಯ ಭೇಟಿಗೆ ತಂದ ಪುಸ್ತಕದಲ್ಲಿ 14 ಟಿಪ್ಪಣಿಗಳಿದ್ದವು. ಅವುಗಳಲ್ಲಿ 11 ಟಿಪ್ಪಣಿಗಳು ಒಂದೇ ಜಾಗವನ್ನು ತೋರಿಸುತ್ತಿದ್ದವು. ಹಿಂದಿನ ಸಂಶೋಧಕರು ಏನು ಹೇಳಿದ್ದಾರೆ ಎಂದು ಬರೆಯುವವರೆಗೆ ಆಕೆ ಕುಳಿತಿರುತ್ತಿದ್ದರು. ಅದರ ಬಗ್ಗೆ ತನ್ನ ಅಭಿಪ್ರಾಯ ಬರೆಯಬೇಕಾದ ವಾಕ್ಯ ಬಂದ ಕೂಡಲೇ ಎದ್ದುಬಿಡುತ್ತಿದ್ದರು. ಒಂದು ಟಿಪ್ಪಣಿ ಹೀಗಿತ್ತು: “ಬೆಳಗ್ಗೆ 10.20. ‘ಆದರೆ ಈ ಅಧ್ಯಯನದಲ್ಲಿ’ ಎಂದು ಬರೆದೆ. ಹೇಳಲು ನಾನು ಯಾರು ಅನ್ನಿಸಿತು. ಬಟ್ಟೆ ಮಡಚಿಟ್ಟೆ.”

ಈ ಮೂರು ಸಾಲಿನಲ್ಲಿ ಇಡೀ ಸಮಸ್ಯೆಯೇ ಇದೆ ಎಂದು ನನಗೆ ಅನಿಸುತ್ತದೆ. ಬಟ್ಟೆ ಮಡಚಲು ಎದ್ದ ಕ್ಷಣದಲ್ಲಿ ಆ ಅಳುಕು ತಕ್ಷಣ ಇಳಿಯುತ್ತದೆ, ಹಾಗೆ ಇಳಿಯುವುದೇ ಮನಸ್ಸಿಗೆ ಸಿಗುವ ಬಹುಮಾನ; ಬಹುಮಾನ ಸಿಕ್ಕ ನಡವಳಿಕೆ ಮತ್ತೆ ಮತ್ತೆ ಮರುಕಳಿಸುತ್ತದೆ. ಮುಂದೂಡುವಿಕೆಯೆಂದರೆ ಆ ಹೊತ್ತಿನ ಮನಸ್ಸನ್ನು ಸರಿಪಡಿಸಿಕೊಳ್ಳಲು ಮುಂದಿನ ದಿನಗಳನ್ನು ತೆರುವುದು ಎಂದು ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋಥಿ ಪಿಚಿಲ್ 2013ರಲ್ಲಿ ವಾದಿಸಿದ್ದು ಇದೇ ಅರ್ಥದಲ್ಲಿ. ಆದ್ದರಿಂದಲೇ ಸಮಯಪಾಲನೆಯ ಪಾಠ ಮಾತ್ರ ಹೇಳಿದರೆ ಇಂಥವರಿಗೆ ಅಷ್ಟಾಗಿ ಉಪಯೋಗವಾಗುವುದಿಲ್ಲ. ಬೈಗುಳವಂತೂ ಅಳುಕನ್ನು ಹೆಚ್ಚಿಸುತ್ತದೆ, ಅಳುಕು ಹೆಚ್ಚಿದಷ್ಟೂ ಓಡಿಹೋಗುವ ಅವಸರವೂ ಹೆಚ್ಚುತ್ತದೆ.

ಇನ್ನೊಂದು ಸಂಗತಿಯೂ ಹೊರಬಂತು. ಹಿಂದಿನ ಅಧ್ಯಯನಗಳ ಅವಲೋಕನವನ್ನು ಹೇಗೆ ಬರೆಯಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಕೇಳಿದರೆ ನಗುತ್ತಾರೆಂದು ಆಕೆಯೂ ಕೇಳಿರಲಿಲ್ಲ. ವಿದ್ಯಾರ್ಥಿಗಳ ಮುಂದೂಡುವಿಕೆಯ ಒಳಗೆ ‘ನನಗೆ ಗೊತ್ತಿಲ್ಲ’ ಎಂಬ ಒಂದು ಮಾತು ಎಷ್ಟೋ ಬಾರಿ ಅಡಗಿರುತ್ತದೆ. ನಾವು ಅದನ್ನು ಸ್ವಭಾವದ ದೋಷವೆಂದುಕೊಂಡು ವರ್ಷಗಟ್ಟಲೆ ತಿದ್ದಲು ಹೋಗುತ್ತೇವೆ. ಹಿರಿಯ ವಿದ್ಯಾರ್ಥಿಯೊಬ್ಬರು ಒಂದು ಸಂಜೆ ಕುಳಿತು, ಮೂರು ಲೇಖನಗಳನ್ನು ಹೋಲಿಸಿ ಒಂದು ಪ್ಯಾರಾ ಬರೆಯುವುದನ್ನು ಆಕೆಗೆ ತೋರಿಸಿಕೊಟ್ಟರು. ನನ್ನ ನಾಲ್ಕು ಭೇಟಿಗಳು ಮಾಡದಿದ್ದ ಕೆಲಸವನ್ನು ಆ ಸಂಜೆ ಮಾಡಿತು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಕಳೆದುಹೋದ ವಾರಗಳಿಗಾಗಿ ತನ್ನನ್ನು ತಾನು ಕ್ಷಮಿಸಿಕೊಳ್ಳುವುದು. ಇದು ಸಡಿಲು ಬಿಟ್ಟಂತೆ ಎಂದು ಪೋಷಕರಿಗೆ ತೋರುತ್ತದೆ. ಆದರೆ 2010ರಲ್ಲಿ ಮೈಕೆಲ್ ವೋಲ್ ಮತ್ತು ಸಂಗಡಿಗರು ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಒಂದು ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ಆಕೆಗೆ ನಾನು ಹೇಳಿದ್ದು ಇಷ್ಟೇ: ಮಾರ್ಗದರ್ಶಕರಿಗೆ ಒಂದು ಇಮೇಲ್ ಬರೆಯಿರಿ, ಕ್ಷಮೆ ಒಂದೇ ವಾಕ್ಯದಲ್ಲಿರಲಿ, ಉಳಿದ ವಾಕ್ಯಗಳು ಕೆಲಸದ ಬಗ್ಗೆ ಇರಲಿ. ಅದನ್ನು ನನ್ನ ಕೋಣೆಯಲ್ಲಿಯೇ ಬರೆದು ಕಳುಹಿಸಿದರು.

ಎರಡನೆಯದು ಶುರು ಮಾಡುವ ಬಗೆ. ‘ನಾಳೆಯಿಂದ ಬರೆಯುತ್ತೇನೆ’ ಎಂಬ ಸಂಕಲ್ಪಕ್ಕೆ ಹಿಡಿಕೆಯೇ ಇರುವುದಿಲ್ಲ. ‘ಇಂಥದ್ದು ಆದ ಕೂಡಲೇ ಇಂಥದ್ದನ್ನು ಮಾಡುತ್ತೇನೆ’ ಎಂದು ಸಮಯ, ಸ್ಥಳ, ಕ್ರಿಯೆಗಳನ್ನು ಕಟ್ಟಿಹಾಕಿದ ಸಂಕಲ್ಪ ಹೆಚ್ಚು ನೆರವೇರುತ್ತದೆ ಎಂಬುದನ್ನು ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆಗಳು ತೋರಿಸಿಕೊಟ್ಟಿವೆ. ಆಕೆ ಬರೆದುಕೊಂಡ ವಾಕ್ಯ ಇದು: “ಬೆಳಗ್ಗೆ ಸ್ನಾನ ಮುಗಿಸಿ ಕುರ್ಚಿಯಲ್ಲಿ ಕುಳಿತ ಕೂಡಲೇ ನಿನ್ನೆ ಬರೆದ ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಓದುತ್ತೇನೆ.” ಬರೆಯುತ್ತೇನೆ ಎಂದಿಲ್ಲ, ಓದುತ್ತೇನೆ ಎಂದಷ್ಟೇ ಇದೆ, ಆಕೆಯ ಕಷ್ಟವಿದ್ದದ್ದು ಕಡತ ತೆರೆದ ಮೊದಲ ಐದು ನಿಮಿಷಗಳಲ್ಲಿ. ಫೋನ್ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಬೇಕೆಂದು ಒಪ್ಪಿಕೊಂಡೆವು.

ಇಲ್ಲಿ ನನ್ನಿಂದಲೂ ಒಂದು ತಪ್ಪಾಯಿತು. ದಿನಕ್ಕೆ ಎರಡು ಪುಟ ಎಂಬ ಗುರಿಯನ್ನು ಮೊದಲಿಗೆ ನಾನೇ ಸೂಚಿಸಿದ್ದೆ. ಎರಡು ದಿನ ಒಂದೂವರೆ ಪುಟವಾಯಿತು, ಮೂರನೆಯ ದಿನ ಆಕೆ ಕುರ್ಚಿಯ ಹತ್ತಿರವೇ ಹೋಗಲಿಲ್ಲ. ಎಷ್ಟು ಪುಟವಾಗುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ, ಎಷ್ಟು ಹೊತ್ತು ಕೂರುತ್ತೇವೆ ಎಂಬುದು ಇರುತ್ತದೆ. ಗುರಿಯನ್ನು 25 ನಿಮಿಷಗಳ ಎರಡು ಸುತ್ತುಗಳಿಗೆ ಬದಲಿಸಿದೆವು. ಆ ಹೊತ್ತಿನಲ್ಲಿ ಒಂದೇ ವಾಕ್ಯ ಬಂದರೂ ಆ ದಿನದ ಕೆಲಸ ಮುಗಿದಂತೆ.

ಉಳಿದ ವಾರಗಳ ಯೋಜನೆ ಮಾಡುವಾಗ ಆಕೆ ಹೇಳಿದ ಪ್ರತಿ ಅಂದಾಜಿಗೂ ಅರ್ಧದಷ್ಟನ್ನು ಸೇರಿಸಿದೆ. 1994ರ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆ ಎಂದಿದ್ದರು, ಹಿಡಿದಿದ್ದು ಸರಾಸರಿ 55 ದಿನ. ಕಡಿಮೆ ಅಂದಾಜು ಮಾಡುವುದು ಮನುಷ್ಯರ ಸಹಜ ತಪ್ಪು. ಅದು ಗೊತ್ತಿಲ್ಲದ ವಿದ್ಯಾರ್ಥಿ ಯೋಜನೆ ತಪ್ಪಿದ ದಿನ ತನ್ನನ್ನೇ ದೂರಿಕೊಂಡು ಯೋಜನೆಯನ್ನೇ ಕೈಬಿಡುತ್ತಾನೆ.

ತಂದೆಯವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿದೆ. ದಿನಕ್ಕೆರಡು ಬಾರಿ “ಎಷ್ಟಾಯಿತು?” ಎಂದು ಕೇಳುವುದನ್ನು ನಿಲ್ಲಿಸಿ, ವಾರಕ್ಕೊಮ್ಮೆ ಆಕೆಯೇ ಹೇಳುವವರೆಗೆ ಕಾಯಿರಿ ಎಂದೆ. “ಕೇಳದಿದ್ದರೆ ನಮಗೆ ಕಾಳಜಿಯೇ ಇಲ್ಲ ಅಂದುಕೊಳ್ಳುವುದಿಲ್ಲವೇ?” ಎಂದರು. ಆ ಪ್ರಶ್ನೆಯಲ್ಲಿದ್ದ ಪ್ರೀತಿ ನಿಜವಾದದ್ದು. ಊಟಕ್ಕೆ ಕುಳಿತಾಗ ಪ್ರಬಂಧ ಬಿಟ್ಟು ಬೇರೆ ಯಾವ ಮಾತಾದರೂ ಆಡಿ, ಕಾಳಜಿ ಅದರಲ್ಲಿಯೇ ಮುಟ್ಟುತ್ತದೆ ಎಂದೆ. ಅವರಿಗೆ ಇದು ಸುಲಭವಾಗಿರಲಿಲ್ಲ, ಆದರೂ ಪಾಲಿಸಿದರು.

ಐದನೆಯ ವಾರ ಆಕೆ ಭೇಟಿಗೆ ಒಂದು ಗಂಟೆ ಮುಂಚೆ, ಜ್ವರ ಬಂದಿದೆ ಎಂದು ಸಂದೇಶ ಕಳುಹಿಸಿದರು. ನಾಲ್ಕು ದಿನ ಏನೂ ಬರೆದಿರಲಿಲ್ಲ, ಮುಖ ತೋರಿಸಲು ಅಂಜಿದ್ದರು ಎಂದು ಆಮೇಲೆ ತಿಳಿಯಿತು. “ಬರೆಯದಿದ್ದರೂ ಬನ್ನಿ,” ಎಂದು ಮಾತ್ರ ಉತ್ತರಿಸಿದ್ದೆ. ಮರುದಿನ ಬಂದರು. ಆ ಭೇಟಿಯಲ್ಲಿ ಪ್ರಬಂಧದ ಮಾತೇ ಬರಲಿಲ್ಲ. ನಿಲ್ಲಿಸಿದ ಕೆಲಸಕ್ಕೆ ಮರಳುವಾಗ ಹಿಂದಿನ ಬಾಕಿಯನ್ನು ತೀರಿಸಲು ಹೋಗದೆ ಆ ದಿನದ 25 ನಿಮಿಷಗಳನ್ನಷ್ಟೇ ಮಾಡಬೇಕು ಎಂಬುದರ ಬಗ್ಗೆ ಮಾತಾಡಿದೆವು.

ಗಡುವಿಗೆ ಎರಡು ದಿನ ಮುಂಚೆ ಪ್ರಬಂಧ ಸಲ್ಲಿಕೆಯಾಯಿತು. ಮೂರನೆಯ ಅಧ್ಯಾಯ ಆಕೆಗೆ ತೃಪ್ತಿ ಕೊಟ್ಟಿಲ್ಲ. ಮಾರ್ಗದರ್ಶಕರು ರಜೆಯಿಂದ ಮರಳಿದ ಮೇಲೆ ಅದನ್ನು ಒಮ್ಮೆ ಮಾತ್ರ ನೋಡಲು ಸಾಧ್ಯವಾಗಿತ್ತು. ಮೂರು ತಿಂಗಳ ನಂತರ ವಿಚಾರಿಸಿದಾಗ, ಕಷ್ಟದ ಇಮೇಲ್‌ಗಳನ್ನು ಈಗಲೂ ತಕ್ಷಣ ತೆರೆಯುವುದಿಲ್ಲ, ಆದರೆ ಅದೇ ದಿನ ರಾತ್ರಿಯೊಳಗೆ ತೆರೆಯುತ್ತೇನೆ ಎಂದರು. ಉದ್ಯೋಗದ ಸಂದರ್ಶನವೊಂದಕ್ಕೆ ಕರೆ ಬಂದಿದೆ, ತಯಾರಿ ಇನ್ನೂ ಶುರುವಾಗಿಲ್ಲ, ಹಳೆಯ ಪುಸ್ತಕದಲ್ಲಿ ಮತ್ತೆ ಟಿಪ್ಪಣಿ ಬರೆಯತೊಡಗಿದ್ದೇನೆ ಎಂದು ತಾವಾಗಿಯೇ ತಿಳಿಸಿದರು. ಅದನ್ನು ತೆಗೆದುಕೊಂಡು ಮುಂದಿನ ಬುಧವಾರ ಬರುವವರಿದ್ದಾರೆ.