ಹೇಳದೆ ಮಾಡಿದ ಪರೀಕ್ಷೆ: ಒಂದು ಆಪ್ತಸಲಹೆ ಪ್ರಕರಣ

31 ವರ್ಷದ ವಿವಾಹಿತ ಮಹಿಳೆಯೊಬ್ಬರು ರಾತ್ರಿ ನಿದ್ದೆ ಬರುತ್ತಿಲ್ಲವೆಂದು ನನ್ನ ಬಳಿ ಬಂದರು. (ಗುರುತು ಸಿಗದಂತೆ ಮನೆಯ, ಉದ್ಯೋಗದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ.) ಮೊದಲ ಅರ್ಧ ಗಂಟೆ ಮಾತು ಅತ್ತೆಯ ಮಂಡಿನೋವು, ಮಗನ ಶಾಲೆಯ ಫೀಸುಗಳನ್ನೇ ಸುತ್ತಿತು. ಎದ್ದು ಹೊರಡುವಾಗ, ಕೈಚೀಲದ ಜಿಪ್ಪನ್ನು ಎಳೆಯುತ್ತ ಬಿಡುತ್ತ, "ಪರೀಕ್ಷೆ ಮಾಡುವಾಗ ಡಾಕ್ಟರು ಎಲ್ಲಿ ಬೇಕಾದರೂ ಮುಟ್ಟಬಹುದಾ ಮೇಡಂ?" ಎಂದು ಕೇಳಿದರು. ಹೇಳಲು ಬಂದದ್ದು ಬಾಗಿಲ ಬಳಿ ಹೊರಬೀಳುವುದು ನಮ್ಮ ವೃತ್ತಿಯಲ್ಲಿ ಹೊಸತಲ್ಲ. ಮುಂದಿನವರ ಸಮಯವನ್ನು ಸಂಜೆಗೆ ಹಾಕಿ ಅವರನ್ನು ಮತ್ತೆ ಕೂರಿಸಿಕೊಂಡೆ.

ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ ಎನ್ನುತ್ತದೆ ಎಂಬ ಕಾರಣಕ್ಕೆ 19 ದಿನಗಳ ಹಿಂದೆ ಅವರು ಅತ್ತೆಯ ಜೊತೆ ಖಾಸಗಿ ಕ್ಲಿನಿಕ್ಕೊಂದಕ್ಕೆ ಹೋಗಿದ್ದರು. ವೈದ್ಯರು ಮಾವನವರಿಗೆ ಬಹಳ ವರ್ಷಗಳಿಂದ ಪರಿಚಿತರು. ಅತ್ತೆ ಹೊರಗಿನ ಬೆಂಚಿನಲ್ಲಿ ಕುಳಿತರು. ಒಳಗಿದ್ದ ನರ್ಸ್ ಯಾರೋ ಕರೆದರೆಂದು ಹೋದವರು ಮರಳಲಿಲ್ಲ. ಹಸಿರು ಪರದೆ ಅರ್ಧಕ್ಕೇ ನಿಲ್ಲುತ್ತಿತ್ತು. ಮಲಗಲು ಹೇಳಿದ ವೈದ್ಯರು ಮುಂದೆ ಒಂದು ಮಾತನ್ನೂ ಆಡದೆ ಸೆರಗು ಸರಿಸಿ, ಎಡ ಸ್ತನವನ್ನು ಕೈಯಿಂದ ಎತ್ತಿ ಅದರಡಿ ಸ್ಟೆತಸ್ಕೋಪ್ ಇಟ್ಟರು, ಕಂಕುಳನ್ನು ಒತ್ತಿ ನೋಡಿದರು, ಕೊನೆಗೆ ಸೀರೆಯ ನೆರಿಗೆಯ ಕೆಳಗೆ ಕೈಹಾಕಿ ತೊಡೆಸಂದಿಯನ್ನು ಒತ್ತಿದರು. ಸೆರಗಿನ ಪಿನ್ನು ಕಳಚಿ ಭುಜಕ್ಕೆ ಗೀರಿದ್ದು ಮನೆಗೆ ಬಂದ ಮೇಲೆ ತಿಳಿಯಿತಂತೆ. "ಕೆಟ್ಟದ್ದು ನಡೆಯಿತು ಅನ್ನೋಕೂ ಆಗಲ್ಲ, ನಡೆದಿಲ್ಲ ಅನ್ನೋಕೂ ಆಗಲ್ಲ. ನನ್ನ ಮನಸ್ಸೇ ಕೊಳಕಾ?" ಎಂಬುದು ಅವರನ್ನು ಅಷ್ಟು ರಾತ್ರಿ ಎಚ್ಚರವಿರಿಸಿದ್ದ ಪ್ರಶ್ನೆ.

ಇಂಥ ಹೊತ್ತಿನಲ್ಲಿ ಆಪ್ತಸಲಹೆಗಾರರಿಗೆ ಎರಡು ಆತುರಗಳಿರುತ್ತವೆ: "ಡಾಕ್ಟರಲ್ಲವೇ, ಬಿಡಿ" ಎಂದು ಸಮಾಧಾನ ಮಾಡುವುದು ಒಂದು, ಕೇಳಿದ ಕ್ಷಣವೇ ದೌರ್ಜನ್ಯವೆಂದು ಹೆಸರಿಡುವುದು ಇನ್ನೊಂದು. ಎರಡರಲ್ಲೂ ನಿರ್ಧಾರ ಅವರ ಕೈಯಿಂದ ನಮ್ಮ ಕೈಗೆ ಬಂದುಬಿಡುತ್ತದೆ. ಆದ್ದರಿಂದ ಅಂದು ನಾನು ಹೇಳಿದ್ದು ಇಷ್ಟೇ: ಆ ಪರೀಕ್ಷೆ ಅಗತ್ಯವಿತ್ತೇ ಎಂಬುದು ಒಂದು ಪ್ರಶ್ನೆ, ಅದನ್ನು ಹೇಳಿ, ಕೇಳಿ ಮಾಡಿದರೇ ಎಂಬುದು ಬೇರೆಯೇ ಪ್ರಶ್ನೆ, ಮೊದಲನೆಯದಕ್ಕೆ ಹೌದು ಎಂದಾದರೂ ಎರಡನೆಯದು ಅಲ್ಲಿಗೆ ಮುಗಿಯುವುದಿಲ್ಲ, ಮುಜುಗರ ಪಟ್ಟದ್ದಕ್ಕೆ ಮನಸ್ಸು ಕೊಳಕಾಗಿರಬೇಕಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ, ಅದಕ್ಕೆ ಯಾವ ಹೆಸರನ್ನೂ ಇಡದೆ, ಆಡಿದ ಮಾತುಗಳು ಮತ್ತು ಆಗ ಕೋಣೆಯಲ್ಲಿ ಯಾರಿದ್ದರು ಎಂಬುದರ ಸಮೇತ ಬರೆದು, ದಿನಾಂಕ ಹಾಕಿ ತರಲು ತಿಳಿಸಿದೆ.

ಎರಡನೆಯ ಭೇಟಿಗೆ ಮುನ್ನ, ಅವರ ಅನುಮತಿ ಪಡೆದು, ಹೆಸರು ಹೇಳದೆ ಪರಿಚಯದ ವೈದ್ಯೆಯೊಬ್ಬರನ್ನು ವಿಚಾರಿಸಿದೆ. ಹೃದಯದ ಮೈಟ್ರಲ್ ಕವಾಟದ ಸದ್ದು ಎಡ ಎದೆಯ ಕೆಳಭಾಗದಲ್ಲಿ, 5 ಮತ್ತು 6ನೆಯ ಪಕ್ಕೆಲುಬುಗಳ ನಡುವೆ ಚೆನ್ನಾಗಿ ಕೇಳಿಸುವುದರಿಂದ, ಮಹಿಳೆಯರಲ್ಲಿ ಸ್ತನವನ್ನು ಸರಿಸದೆ ಅದನ್ನು ಕೇಳುವುದು ಎಷ್ಟೋ ಸಲ ಆಗದು. ಆದರೆ "ನೀವೇ ಸ್ವಲ್ಪ ಸರಿಸಿಕೊಳ್ಳಿ" ಎಂದರೆ ಕೆಲಸ ಆಗುತ್ತದೆ ಎಂದರು. ಗ್ರಂಥಿಗಳು ಊದಿವೆಯೇ ಎಂದು ಕಂಕುಳು, ತೊಡೆಸಂದಿಗಳನ್ನು ಒತ್ತಿ ನೋಡುವುದೂ ಉಂಟು, ಆದರೆ ಏದುಸಿರೆಂದು ಬಂದವರಲ್ಲಿ ತೊಡೆಸಂದಿಯನ್ನು ಏಕೆ ನೋಡಬೇಕಾಯಿತೆಂದು ಹೇಳಬೇಕಾದವರು ಆ ವೈದ್ಯರೇ ಎಂಬುದು ಅವರ ಅಭಿಪ್ರಾಯ. ಇದನ್ನು ಎರಡನೆಯ ಭೇಟಿಯಲ್ಲಿ ಆ ಮಹಿಳೆಗೆ ಹಾಗೆಯೇ ತಿಳಿಸಿದೆ. ಬೇಕೆಂದೇ ಸಹಾಯಕಿಯನ್ನು ಹೊರಗೆ ಕಳಿಸುವುದು, ಮೈಕಟ್ಟಿನ ಬಗ್ಗೆ ಮಾತಾಡುವುದು, ಯಾರಿಗೂ ಹೇಳಬೇಡ ಎನ್ನುವುದು, ಇವುಗಳಲ್ಲಿ ಯಾವುದಾದರೂ ನಡೆದಿತ್ತೇ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ ಇಲ್ಲವೆಂದರು.

ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಅಲ್ಲಿರಬೇಕೆಂಬ ಮಾತಿದೆ. 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ, ರೋಗಿ ಕೇಳಿದರೆ ಚಿಕಿತ್ಸೆಯ ದಾಖಲೆಯನ್ನು 72 ಗಂಟೆಗಳೊಳಗೆ ಕೊಡಬೇಕು. ಖಾಸಗಿ ಚಿಕಿತ್ಸಾಲಯವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ, ವೈದ್ಯರ ನಡತೆಯ ಬಗ್ಗೆಯಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ದುರುದ್ದೇಶವಿತ್ತೆಂದು ಅವರಿಗೆ ಅನ್ನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿನಡಿ (ಮಹಿಳೆಯ ಮಾನಕ್ಕೆ ಧಕ್ಕೆ ತರುವ ಉದ್ದೇಶದ ಹಲ್ಲೆ ಅಥವಾ ಬಲಪ್ರಯೋಗ) ಪೊಲೀಸರ ಬಳಿ ಹೋಗಬಹುದು, ಅಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು; ಹೋಗುವ ಮುನ್ನ ಮಾತಾಡಬೇಕೆನಿಸಿದರೆ ಮಹಿಳಾ ಸಹಾಯವಾಣಿ 181 ಇದೆ. ಏನನ್ನೂ ಮಾಡದೆ ವೈದ್ಯರನ್ನಷ್ಟೇ ಬದಲಿಸುವುದೂ ಒಂದು ದಾರಿಯೇ ಎಂದು ಒತ್ತಿ ಹೇಳಿದೆ, ಏಕೆಂದರೆ ದೂರು ಕೊಡದಿದ್ದರೆ ತಪ್ಪಿತಸ್ಥೆಯೆಂಬ ಹೊಸ ಹೊರೆಯನ್ನು ನಾನು ಹೊರಿಸಬಾರದಿತ್ತು.

ಅವರು ದಾಖಲೆ ಕೇಳಿದರು. ನಾಲ್ಕು ಸಾಲಿನ ಆ ಹಾಳೆಯಲ್ಲಿ ಹೃದಯದ ಸದ್ದಿನ, ಕಂಕುಳ ಗ್ರಂಥಿಗಳ ಉಲ್ಲೇಖವಿತ್ತು, ತೊಡೆಸಂದಿಯದಿರಲಿಲ್ಲ. ಕಾರಣ ತಿಳಿಸಿ ಎಂದು ವೈದ್ಯರಿಗೆ ಒಂದು ಪುಟದ ಪತ್ರ ಬರೆಯುವುದೆಂದು ಇಬ್ಬರೂ ಸೇರಿ ಯೋಚಿಸಿದೆವು. ನನ್ನ ತಪ್ಪು ಇಲ್ಲಿದೆ. ಉತ್ತರವನ್ನು ತನಗೊಬ್ಬಳಿಗೇ, ಬರಹದಲ್ಲೇ ಕೊಡಬೇಕೆಂಬ ಸಾಲನ್ನು ಪತ್ರದಲ್ಲಿ ಹಾಕಿಸಲು ನನಗೆ ಹೊಳೆಯಲಿಲ್ಲ. ವೈದ್ಯರು ಪತ್ರಕ್ಕೆ ಉತ್ತರಿಸಲಿಲ್ಲ. ಮಾವನವರಿಗೆ ಫೋನು ಮಾಡಿ, "ನಿಮ್ಮ ಸೊಸೆ ಏನೋ ತಪ್ಪು ತಿಳಿದುಕೊಂಡಿದ್ದಾಳೆ" ಎಂದರು. ಮನೆಯಲ್ಲಿ ಎರಡು ದಿನ ಯಾರೂ ಅವರೊಡನೆ ಮಾತಾಡಲಿಲ್ಲ. ಕುಟುಂಬದ ಸ್ನೇಹಿತರು ವೈದ್ಯರಾಗಿರುವ ಕಡೆ ರೋಗಿಯ ಗುಟ್ಟು ಯಾವ ಬಾಗಿಲಿನಿಂದ ಹೊರಹೋಗುತ್ತದೆಂಬುದನ್ನು ನಾನು ಮೊದಲೇ ಊಹಿಸಬೇಕಿತ್ತು, ಅದನ್ನು ಅವರೆದುರು ಒಪ್ಪಿಕೊಂಡೆ.

ವಿಚಿತ್ರವೆಂದರೆ ಅವರ ಗೊಂದಲ ಕಳೆದದ್ದು ಆ ಫೋನಿನಿಂದಲೇ. ಪರೀಕ್ಷೆಯ ಉದ್ದೇಶದ ಬಗ್ಗೆ ತನಗೆ ಇಂದಿಗೂ ಖಚಿತವಿಲ್ಲ, ಆದರೆ ತನ್ನ ಮೈಯ ವಿಷಯವನ್ನು ತನ್ನನ್ನು ಬಿಟ್ಟು ಮಾವನೊಡನೆ ಮಾತಾಡಿದ್ದರ ಬಗ್ಗೆ ಯಾವ ಅನುಮಾನವೂ ಇಲ್ಲ ಎಂದರು. ಗಂಡನನ್ನು ಒಂದು ಭೇಟಿಗೆ ಕರೆತಂದರು. ಆತ ಅರ್ಧ ಗಂಟೆ ಸುಮ್ಮನಿದ್ದು, ಕೊನೆಗೆ ದಾಖಲೆಯ ಹಾಳೆಯನ್ನು ಕೈಗೆತ್ತಿಕೊಂಡು ಎರಡು ಸಲ ಓದಿದರು. ಪರೀಕ್ಷೆಯ ರೀತಿ ಮತ್ತು ಗುಟ್ಟು ಬಯಲು ಮಾಡಿದ್ದು, ಈ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿ ವೈದ್ಯಕೀಯ ಪರಿಷತ್ತಿಗೆ ದೂರು ಹೋಗಿದೆ. ವಿಚಾರಣೆಯ ದಿನ ಇನ್ನೂ ಬಂದಿಲ್ಲ.

ಏದುಸಿರಿಗೆ ಕಾರಣ ರಕ್ತಹೀನತೆಯೆಂದು ಬೇರೊಬ್ಬ ವೈದ್ಯೆ ಪತ್ತೆಮಾಡಿ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟಿದ್ದಾರೆ. ಅಲ್ಲಿಯೂ ಎದೆಯ ಪರೀಕ್ಷೆ ನಡೆಯಿತು. ಸೆರಗಿನ ಪಿನ್ನನ್ನು ತಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಲಗಿದ್ದೆ ಎಂದು ಹೇಳಿದರು. ಹದಿನೈದು ದಿನಕ್ಕೊಮ್ಮೆ ಈಗಲೂ ಬರುತ್ತಾರೆ.